ಬೆನ್ನ ಮೇಲೆ ಮರಿ ಹೊತ್ತ ಕರಡಿ

ತೆಲಸಂಗ, ಅಥಣಿ ಕಡೆಯ ಬಯಲಿನಲ್ಲಿ ಕರಡಿ ಬಾಳುವಂಥ ಕಾಡಿಲ್ಲ. ಆದರೂ ಈ ಭಾಗದ ಹಿರಿಯರಲ್ಲಿ ಕರಡಿಯನ್ನು ಮುಟ್ಟಿ ನೋಡಿದವರೇ ಸಿಗುತ್ತಾರೆ. ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಖಲಂದರರು ಓಣಿ ಓಣಿ ತಿರುಗಿಸಿ ಕುಣಿಸುತ್ತಿದ್ದ ಕಾಲವದು. ಕೂಸು ರಾತ್ರಿ ಬೆಚ್ಚಿ ಅಳುತ್ತದೆ ಎಂದರೆ ಅದನ್ನು ಕರಡಿಯ ಬೆನ್ನ ಮೇಲೆ ಕೂರಿಸುತ್ತಿದ್ದರು, ಕರಡಿಯ ಕೂದಲಿನ ತಾಯಿತ ಕೊರಳಿಗೆ ಕಟ್ಟುತ್ತಿದ್ದರು. ಅಂಜಿಕೆ ಹೋಗುತ್ತದೆಂಬ ನಂಬಿಕೆ. ಆ ಕರಡಿ ಮಾತ್ರ ಮರಿಯಾಗಿದ್ದಾಗ ತನ್ನ ತಾಯಿಯ ಬೆನ್ನಿನಿಂದಲೇ ಕಿತ್ತು ತಂದದ್ದಾಗಿರುತ್ತಿತ್ತು. ಮರಿ ಬೇಕೆಂದರೆ ಬೇಟೆಗಾರರು ಸಾಮಾನ್ಯವಾಗಿ ತಾಯಿಯನ್ನೇ ಕೊಲ್ಲುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಈ ದಂಧೆ ದಶಕಗಳ ಕಾಲ ನಡೆಯಿತು. ಹಾಗೆ ಕುಣಿಸುತ್ತಿದ್ದ ಕರಡಿಗಳಲ್ಲಿ ಕೊನೆಯದು ಬೆಂಗಳೂರಿನ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿದ್ದು 2009ರಲ್ಲಿ.

ಜೀವ ಹೋದರೂ ಮರಿ ಬಿಟ್ಟುಕೊಡದ ಆ ತಾಯಿ ಮರಿಯನ್ನು ಸಾಕುವುದು ಹೇಗೆ ಎಂಬುದನ್ನು ತಿಳಿದುಕೊಳ್ಳಲು ದೂರ ಹೋಗಬೇಕಿಲ್ಲ. ನಮ್ಮದೇ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡುಗಳಲ್ಲಿ, ಭೀಮಗಡದಲ್ಲಿ ಕರಡಿಗಳಿವೆ. ಕಣ್ಣಾರೆ ನೋಡಬೇಕೆನ್ನುವವರು ಹಂಪಿಯ ಹತ್ತಿರದ ದರೋಜಿಗೆ ಹೋಗಬೇಕು. 1994ರಲ್ಲಿ ಕರಡಿಗಳಿಗೆಂದೇ ಮೀಸಲಿಟ್ಟ ಧಾಮ ಅದು. ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು, ಸುತ್ತ ಕುರುಚಲು ಗಿಡ. ಆ ಬಂಡೆಗಳ ಸಂದಿನ ಗವಿಗಳಲ್ಲಿ, ಹೆಚ್ಚಾಗಿ ನವೆಂಬರಿನಿಂದ ಜನವರಿಯೊಳಗೆ, ತಾಯಿ ಒಂದೋ ಎರಡೋ ಮರಿ ಹಾಕುತ್ತದೆ. ಮರಿಗಳು ಕಣ್ಣು ಬಿಡಲು ಸುಮಾರು ಮೂರು ವಾರ ಬೇಕು. ಎರಡು–ಮೂರು ತಿಂಗಳಾದಾಗ ತಾಯಿಯ ಜೊತೆ ಹೊರಗೆ ಬರುತ್ತವೆ. ನಿಜವಾದ ಅಪಾಯ ಶುರುವಾಗುವುದು ಆಗಲೇ.

ತಾಯಿ ಹೊಟ್ಟೆ ತುಂಬಿಸಿಕೊಳ್ಳುವ ರೀತಿಯನ್ನು ಗಮನಿಸಿದರೆ ಅಪಾಯ ಎಂಥದ್ದೆಂದು ತಿಳಿಯುತ್ತದೆ. ಉದ್ದನೆಯ ಉಗುರುಗಳಿಂದ ಹುತ್ತ ಕೆದರುತ್ತದೆ, ಮೂತಿಯನ್ನು ತೂತಿನೊಳಗೆ ಇಡುತ್ತದೆ, ಮಣ್ಣು ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಮೇಲ್ದವಡೆಯ ನಡುವಿನ ಎರಡು ಹಲ್ಲು ಇಲ್ಲದ ಆ ಸಂದಿನಿಂದ ಗೆದ್ದಲನ್ನು ಜೋರಾಗಿ ಹೀರುತ್ತದೆ. ಆ ಸದ್ದು ನೂರು ಮೀಟರ್ ಆಚೆಗೂ ಕೇಳುತ್ತದೆ. ತಲೆ ಹುತ್ತದೊಳಗೆ, ಕಿವಿಯ ತುಂಬ ತನ್ನದೇ ಸದ್ದು. ಯಾರು ಹತ್ತಿರ ಬಂದರೂ ತಕ್ಷಣ ಗೊತ್ತಾಗದು. ಮರಿಗಳು ಆಗ ಪಕ್ಕದಲ್ಲಿ ನೆಲದ ಮೇಲಿರುತ್ತವೆ. ಏನಾದರೂ ಸುಳಿವು ಸಿಕ್ಕಿತೋ, ತಾಯಿ ಬುಸುಗುಡುತ್ತದೆ, ಮರಿಗಳು ಓಡಿಬಂದು ಪಕ್ಕೆಯ ಕೂದಲು ಹಿಡಿದು ಬೆನ್ನೇರುತ್ತವೆ. ಹೆಗಲ ನಡುವೆ ಕೂದಲು ಎಲ್ಲಕ್ಕಿಂತ ಉದ್ದ. ಎರಡು ಮರಿಯಿದ್ದರೆ ಆ ಜಾಗಕ್ಕೆ ಪೈಪೋಟಿ ನಡೆಯುವುದೂ ಉಂಟು. ಬಿಸಿಲ ನಾಡಿನ ಪ್ರಾಣಿಗೆ ಇಷ್ಟುದ್ದ ಕೂದಲು ಯಾಕೆ ಎಂಬ ಪ್ರಶ್ನೆಗೆ ಹಲವು ತಜ್ಞರು ಕೊಡುವ ಉತ್ತರವೂ ಇದೇ: ಮರಿಗೆ ಹಿಡಿತ ಸಿಗಲೆಂದು. ಜಗತ್ತಿನ ಎಂಟು ಜಾತಿಯ ಕರಡಿಗಳಲ್ಲಿ ಮರಿಯನ್ನು ಹೀಗೆ ತಿಂಗಳುಗಟ್ಟಲೆ, ದಿನವೂ ಹೊತ್ತು ತಿರುಗುವುದು ನಮ್ಮ ಈ ಕರಡಿ ಒಂದೇ.

ಉತ್ತರ ಧ್ರುವದ ಹಿಮಕರಡಿಯ ಮರಿ ಕೂಡ ಆಳದ ಹಿಮ ದಾಟುವಾಗ ಒಮ್ಮೊಮ್ಮೆ ಬೆನ್ನೇರುವುದಿದೆ. ಆದರೆ ಅಲ್ಲಿ ಮೊದಲ ಶತ್ರು ಚಳಿ. ಹುಟ್ಟಿದಾಗ ಮರಿಯ ತೂಕ ಅರ್ಧ ಕಿಲೋ ಚಿಲ್ಲರೆ ಅಷ್ಟೇ. ತಾಯಿ ಹಿಮದೊಳಗೆ ಗೂಡು ತೋಡಿ, ತಿಂಗಳುಗಟ್ಟಲೆ ತಾನು ಏನೂ ತಿನ್ನದೆ, ಮೂರನೇ ಒಂದು ಭಾಗದಷ್ಟು ಕೊಬ್ಬಿರುವ ಹಾಲುಣಿಸಿ ಮರಿಯನ್ನು ಹತ್ತು ಕಿಲೋಗೆ ಬೆಳೆಸಿ, ಚಳಿಗಾಲ ಕಳೆದ ಮೇಲೆ ಹೊರಗೆ ತರುತ್ತದೆ. ಆಮೇಲೆ ಗಂಡು ಹಿಮಕರಡಿಗಳ ಕಣ್ಣಿಗೆ ಬೀಳದಂತೆ ದಾರಿ ಬದಲಿಸುತ್ತ ಸಾಗುತ್ತದೆ.

ನಮ್ಮ ಕರಡಿಯ ಕಾಡಿನಲ್ಲಿ ಹುಲಿ ಇದೆ, ಚಿರತೆ ಇದೆ. ಮರ ಹತ್ತಿ ಬಚಾವಾಗೋಣವೆಂದರೆ ಚಿರತೆಯೂ ಹತ್ತುತ್ತದೆ. ಓಡೋಣವೆಂದರೆ ಹುಲಿಯ ಮುಂದೆ ಆ ಓಟ ಸಾಲದು. ಹಾಗಾಗಿ ಈ ತಾಯಿ ಕಲಿತದ್ದು ನಿಂತು ಎದುರಿಸುವುದನ್ನು. ಮಹಾರಾಷ್ಟ್ರದ ತಾಡೋಬಾದಲ್ಲಿ 2018ರಲ್ಲಿ ನೀರಿಗೆಂದು ಬಂದ ತಾಯಿ–ಮರಿಯ ಮೇಲೆ ಹುಲಿ ಎರಗಿದಾಗ, ತಾಯಿ ಗಾಯಗೊಂಡರೂ ಬಿಡದೆ ಹೋರಾಡಿ ಹುಲಿಯನ್ನು ಹಿಮ್ಮೆಟ್ಟಿಸಿದ ದೃಶ್ಯವನ್ನು ಅನೇಕರು ನೋಡಿರುತ್ತೀರಿ. ನೇಪಾಳದ ಚಿತವನದ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಕಂಡುಬಂತು: ಮರಿಯಿರುವ ತಾಯಿ ಮಿಕ್ಕ ಕರಡಿಗಳಿಗಿಂತ ಹೆಚ್ಚಾಗಿ ಹಗಲಲ್ಲೇ ಓಡಾಡುತ್ತದೆ. ರಾತ್ರಿಯ ಬೇಟೆಗಾರರನ್ನೂ ಗಂಡು ಕರಡಿಗಳನ್ನೂ ತಪ್ಪಿಸಿಕೊಳ್ಳಲು ಇದೊಂದು ಉಪಾಯ.

ಹಗಲಲ್ಲಿ ಮೇವಿಗೆ, ಸೌದೆಗೆ, ಹಣ್ಣಿಗೆ ಹೋದ ಜನರಿಗೆ ಆ ತಾಯಿಯೇ ಎದುರಾಗಬಹುದು. ಅದಕ್ಕೆ ಮನುಷ್ಯನೂ ಹುಲಿಯೂ ಒಂದೇ. ಮುಖಕ್ಕೇ ಎರಗುತ್ತದೆ, ಕಣ್ಣು, ದವಡೆ ಕಳೆದುಕೊಂಡವರಿದ್ದಾರೆ. ಇದನ್ನು ಕರಡಿಯ ದುಷ್ಟತನವೆನ್ನಲಾಗದು, ಆದರೆ ಗಾಯ ಗಾಯವೇ. ಆದ್ದರಿಂದ ಕರಡಿಯಿರುವ ಕಾಡಿಗೆ ಒಬ್ಬರೇ ಹೋಗಬೇಡಿ, ಮಾತಾಡುತ್ತ, ಕೋಲು ಬಡಿಯುತ್ತ ನಡೆಯಿರಿ. ನಿಮ್ಮ ಸದ್ದು ಮೊದಲೇ ಕೇಳಿದರೆ ಹೆಚ್ಚಿನ ವೇಳೆ ಅದೇ ದಾರಿ ಬಿಡುತ್ತದೆ. ಚಳಿಗಾಲದಲ್ಲಿ ಬಂಡೆಯ ಸಂದುಗಳಿಗೆ ಇಣುಕಬಾರದು. ನಾಯಿಯನ್ನು ಮುಂದೆ ಬಿಡಬೇಡಿ. ಕರಡಿ ಕಂಡ ನಾಯಿ ಓಡಿಬರುವುದು ನಿಮ್ಮ ಬಳಿಗೇ, ಅದರ ಹಿಂದೆ ಕರಡಿ. ದೂರದಲ್ಲಿ ಕಂಡರೆ ಬೆನ್ನು ತೋರಿಸಿ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ಮೈಮೇಲೆ ಬಂದೇ ಬಿಟ್ಟರೆ ಬೋರಲು ಮಲಗಿ ಮುಖ ನೆಲಕ್ಕೊತ್ತಿ, ಬೆರಳು ಹೆಣೆದು ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ. ಅದು ದೂರ ಹೋಯಿತೆಂದು ಖಾತ್ರಿಯಾಗುವವರೆಗೆ ಏಳಬಾರದು.

ಒಂಟಿ ಮರಿ ಕಂಡಿತೆಂದು ಎತ್ತಿಕೊಳ್ಳಲು ಹೋಗಬೇಡಿ. ತಾಯಿ ಹತ್ತಿರದ ಹುತ್ತದಲ್ಲಿ ತಲೆಯಿಟ್ಟಿರಬಹುದು. ಬಂದ ದಾರಿಯಲ್ಲೇ ಹಿಂತಿರುಗಿ, ಊರು ಸೇರಿದ ಮೇಲೆ ಅರಣ್ಯ ಇಲಾಖೆಯವರಿಗೆ ಜಾಗ ತಿಳಿಸಿ.