‘ಭಂಡಾರಿ’ ಎಂಬ ಪದದ ಮೂಲವೂ ಹೊಣೆಯೂ

ವಿಶ್ವಗುರು ಬಸವಣ್ಣನವರನ್ನು ‘ಭಕ್ತಿಭಂಡಾರಿ’ ಎಂದು ನಾವು ನಿತ್ಯವೂ ಸ್ಮರಿಸುತ್ತೇವೆ. ಆದರೆ ಭಂಡಾರಿ ಎಂದರೆ ಯಾರು? ಈ ಪದದ ಮೂಲವನ್ನು ಅರಿತರೆ ಅದರೊಳಗಿನ ಹೊಣೆಯೂ ಅರಿವಿಗೆ ಬರುತ್ತದೆ.

ಸಂಸ್ಕೃತದಲ್ಲಿ ‘ಭಾಂಡ’ ಎಂದರೆ ಪಾತ್ರೆ, ಸರಕು. ‘ಆಗಾರ’ ಎಂದರೆ ಮನೆ. ಇವೆರಡೂ ಕೂಡಿದ ‘ಭಾಂಡಾಗಾರ’ವು ಪ್ರಾಕೃತದಲ್ಲಿ ಸವೆದು ಕನ್ನಡದಲ್ಲಿ ‘ಭಂಡಾರ’ವಾಯಿತು. ಅದನ್ನು ಕಾಯುವವನೇ ಭಂಡಾರಿ. ಮನೆಯೂ ಅವನದಲ್ಲ, ಸರಕೂ ಅವನದಲ್ಲ. ಅವನ ಕೈಯಲ್ಲಿರುವುದು ಕೀಲಿಕೈ ಮಾತ್ರ. ಇಂದು ಸಂಘಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ‘ಖಜಾಂಚಿ’ ಪಾರಸಿಯ ಮೂಲಕ ಬಂದ ಪದವಾದರೂ ಹೊಣೆ ಅದೇ.

ಹನ್ನೆರಡನೆಯ ಶತಮಾನದಲ್ಲಿ ಭಂಡಾರಿಯೆಂಬುದು ರಾಜಾಸ್ಥಾನದ ಹಿರಿಯ ಪದವಿ. ಹೊಯ್ಸಳರ ಭಂಡಾರಿ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೆ ಇಂದಿಗೂ ‘ಭಂಡಾರಿ ಬಸದಿ’ ಎಂದೇ ಹೆಸರು. ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಬಸವಣ್ಣನವರು. ಅರಮನೆಯ ಹಣವನ್ನು ಜಂಗಮರಿಗೆ ವೆಚ್ಚ ಮಾಡುತ್ತಿದ್ದಾರೆಂಬ ದೂರು ಬಂದಾಗ ಅವರು ಭಂಡಾರವನ್ನು ತೆರೆದು ತೋರಿಸಿದರು; ಎಣಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲ ಎಂದು ಬಸವಪುರಾಣದ ಕಥೆ ಹೇಳುತ್ತದೆ. ಲೆಕ್ಕ ಕೇಳಿದವರ ಮೇಲೆ ಮುನಿಯದೆ ಬಾಗಿಲು ತೆರೆದದ್ದೇ ಆ ಕಥೆಯ ಸಾರ.

ಕಾಯಬೇಕಾದದ್ದು ಹೊನ್ನಷ್ಟೇ ಅಲ್ಲ. ಶರಣರ ವಚನಗಳ ಕಟ್ಟುಗಳನ್ನು ಕಾದವರೆಂದು ಪರಂಪರೆ ನೆನೆಯುವ ಶಾಂತರಸರು ‘ವಚನಭಂಡಾರಿ’ ಎನಿಸಿದರು. ಅಂತಹವರು ಕಾಪಾಡಿದ್ದರಿಂದಲೇ ಶರಣರ ನುಡಿ ನಮ್ಮವರೆಗೆ ಬಂದಿದೆ.

ನಮ್ಮ ಹೊಳಲ್ಕೆರೆ ತಾಲ್ಲೂಕಿನಲ್ಲಿಯೇ ಇದಕ್ಕೆ ಸಮೀಪದ ನಿದರ್ಶನವಿದೆ. ಮಲ್ಲಾಡಿಹಳ್ಳಿಯ ಅನಾಥಸೇವಾಶ್ರಮವನ್ನು ಬೆಳೆಸಿದ ಶ್ರೀ ರಾಘವೇಂದ್ರ ಸ್ವಾಮೀಜಿಯವರು ತಮ್ಮನ್ನು ‘ತಿರುಕ’ ಎಂದು ಕರೆದುಕೊಂಡರು. ಬೇಡಿ ತಂದುದನ್ನೆಲ್ಲ ಆಶ್ರಮಕ್ಕೆ, ಮಕ್ಕಳ ವಿದ್ಯೆಗೆ ಸಲ್ಲಿಸಿದ ಅವರು ಪದವಿಯಿಲ್ಲದೆಯೂ ನಿಜವಾದ ಭಂಡಾರಿಗಳಾಗಿದ್ದರು.

ಇಂದು ಊರಿನ ದೇವಸ್ಥಾನದ ಹುಂಡಿ, ಜಾತ್ರೆಯ ವಂತಿಗೆ, ಸ್ತ್ರೀಶಕ್ತಿ ಸಂಘದ ಉಳಿತಾಯ, ದಾಸೋಹದ ಅಕ್ಕಿ ಇವೆಲ್ಲವೂ ಒಬ್ಬರಲ್ಲ ಒಬ್ಬರ ವಶದಲ್ಲಿರುತ್ತವೆ. ಲೆಕ್ಕ ಹೇಳದಿದ್ದರೆ ಪ್ರಾಮಾಣಿಕನ ಮೇಲೂ ಸಂಶಯ ಮೂಡುತ್ತದೆ, ಊರು ಎರಡಾಗುತ್ತದೆ. ವರ್ಷಕ್ಕೊಮ್ಮೆ ಸಭೆಯಲ್ಲಿ ಜಮಾಖರ್ಚನ್ನು ಓದಿ ಹೇಳುವುದು ಅವಮಾನವಲ್ಲ, ಅದು ಬಸವಣ್ಣನವರು ನಡೆದು ತೋರಿದ ದಾರಿ. ಕೀಲಿಕೈ ಹಿಡಿದವರೆಲ್ಲರೂ ಇದನ್ನು ನೆನೆಯಲಿ.