ದೀರ್ಘರೋಗದ ಔಷಧವೂ ಗೃಹಸ್ಥನ ವೆಚ್ಚವೂ

ಮನೆಯಲ್ಲಿ ಒಬ್ಬರಿಗೆ ದೀರ್ಘರೋಗ ತಗುಲಿತೆಂದರೆ ಗೃಹಸ್ಥನನ್ನು ಎರಡು ಚಿಂತೆಗಳು ಬಾಧಿಸುವುವು: ರೋಗವು ಶಮನವಾಗುವ ಬಗೆ ಹೇಗೆ, ಅದರ ವೆಚ್ಚವನ್ನು ತೆರುವವರು ಯಾರು. ಮೊದಲನೆಯದಕ್ಕೆ ವೈದ್ಯರು ಉತ್ತರ ಹೇಳುವರು. ಎರಡನೆಯದನ್ನು ಗೃಹಸ್ಥನೇ ಕೇಳಿ ತಿಳಿಯಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವನ್ನು ನಿದರ್ಶನವಾಗಿಟ್ಟುಕೊಂಡು ಈ ಎರಡನೆಯ ವಿಚಾರವನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಈ ರೋಗದಲ್ಲಿ ಶರೀರದ ರಕ್ಷಣಾಶಕ್ತಿಯೇ ದಾರಿತಪ್ಪಿ, ಮೆದುಳು ಮತ್ತು ಬೆನ್ನುಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುತ್ತದೆ. ದೃಷ್ಟಿ ಮಸುಕಾಗುವುದು, ಕೈಕಾಲು ಜೋಮುಹಿಡಿಯುವುದು, ನಡಿಗೆ ತಡವರಿಸುವುದು ಇದರ ಲಕ್ಷಣಗಳು. ಬಹುಮಟ್ಟಿಗೆ 20ರಿಂದ 40 ವಯಸ್ಸಿನೊಳಗೆ, ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣಿಸುವುದು. ಪೂರ್ಣ ನಿವಾರಣೆಯಿಲ್ಲವಾದರೂ ಮರುಕಳಿಸದಂತೆ ತಡೆಯುವ ಔಷಧಗಳುಂಟು. ಅವುಗಳಲ್ಲಿ ಕೆಲವನ್ನು ಆಸ್ಪತ್ರೆಯಲ್ಲಿಯೇ ರಕ್ತನಾಳದ ಮೂಲಕ ಹನಿಹನಿಯಾಗಿ ಏರಿಸಬೇಕು: ನಟಾಲಿಜುಮಾಬನ್ನು 4 ವಾರಕ್ಕೊಮ್ಮೆ, ಒಕ್ರೆಲಿಜುಮಾಬನ್ನು 6 ತಿಂಗಳಿಗೊಮ್ಮೆ. ಇವು ದುಬಾರಿ. ಇದೇ ಜಾತಿಯ ರಿಟುಕ್ಸಿಮಾಬನ್ನು ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆಯು 2007ರಲ್ಲಿಯೇ ತಯಾರಿಸಿ ಕಡಿಮೆ ಬೆಲೆಗೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಅದನ್ನು ಈ ರೋಗಕ್ಕೆ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ರೋಗಿಗೆ ಅದು ಒಗ್ಗುವುದೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಸಲ್ಲದು.

ಈಗ ಕಮಲಾಪುರದ ಒಬ್ಬ ಬಾಳೆಯ ಬೆಳೆಗಾರನನ್ನು ಊಹಿಸೋಣ. ಆತನ ಬಳಿ ಬಿ.ಪಿ.ಎಲ್. ಪಡಿತರ ಚೀಟಿಯಿದ್ದರೆ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಂತೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಉಳಿದವರಿಗೆ ನಿಗದಿತ ದರದ ಶೇಕಡ 30ರಷ್ಟು, ಗರಿಷ್ಠ 1.5 ಲಕ್ಷ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಚಿಕಿತ್ಸೆ ದೊರೆಯದಿದ್ದರೆ ಶಿಫಾರಸು ಪತ್ರ ಪಡೆಯಬೇಕು. ಆದರೆ ಯೋಜನೆಯು ನಿಗದಿತ ಚಿಕಿತ್ಸೆಗಳ ಪಟ್ಟಿಯಂತೆ ನಡೆಯುವುದು. ಬೇಕಾದ ಔಷಧ ಆ ಪಟ್ಟಿಯಲ್ಲುಂಟೇ, ಹೈದರಾಬಾದಿಗೆ ಹೋದರೆ ನೆರವು ಸಿಕ್ಕುವುದೇ ಎಂಬುದನ್ನು ಕಲಬುರಗಿಯ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಲ್ಲಿ ಪ್ರಯಾಣಕ್ಕೆ ಮುಂಚೆಯೇ ವಿಚಾರಿಸತಕ್ಕದ್ದು. ಮನೆಯವರೊಬ್ಬರು ಇ.ಎಸ್.ಐ. ವಿಮೆಗೆ ಒಳಪಟ್ಟ ಕೆಲಸದಲ್ಲಿದ್ದರೆ ಕಲಬುರಗಿಯ ಇ.ಎಸ್.ಐ. ವೈದ್ಯಕೀಯ ಕಾಲೇಜು ಆಸ್ಪತ್ರೆಯ ಬಾಗಿಲೂ ತೆರೆದಿರುವುದು.

ಖಾಸಗಿ ವಿಮೆಯ ಮಾತು ಬೇರೆ. ವ್ಯಾಕರಣದಲ್ಲಿ ಉತ್ಸರ್ಗಕ್ಕಿಂತ ಅಪವಾದವೇ ಬಲವತ್ತರವೆಂದು ನಾವು ಮಕ್ಕಳಿಗೆ ಕಲಿಸುತ್ತಿದ್ದೆವು; ವಿಮಾಪತ್ರದಲ್ಲಿಯೂ ಹಾಗೆಯೇ. ಅನೇಕ ಪಾಲಿಸಿಗಳು ಒಳರೋಗಿಯಾಗಿ 24 ಗಂಟೆ ಇದ್ದವರಿಗೆ ಮಾತ್ರ ಹಣ ಕೊಡುವುವು. ಈ ಔಷಧವಾದರೋ ಕೆಲವು ಗಂಟೆಗಳಲ್ಲಿ ಮುಗಿಯುವುದು. ಆದುದರಿಂದ ಹಗಲು ಚಿಕಿತ್ಸೆಯ ನಿಬಂಧನೆಯನ್ನು ಓದಬೇಕು. ಚುಚ್ಚುಮದ್ದಿನ ರೂಪದ ಮೋನೋಕ್ಲೋನಲ್ ಪ್ರತಿಕಾಯ ಚಿಕಿತ್ಸೆಯನ್ನು ಪಾಲಿಸಿಗಳಿಂದ ಹೊರಗಿಡಬಾರದೆಂದು ವಿಮಾ ಪ್ರಾಧಿಕಾರವು 2019ರಲ್ಲಿ ವಿಧಿಸಿತು. ಆದರೂ ಹಣದ ಮಿತಿಯನ್ನು ಇಟ್ಟಿರಬಹುದು. ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿಯನ್ನು 2024ರಲ್ಲಿ ಗರಿಷ್ಠ 3 ವರ್ಷಕ್ಕೆ ಇಳಿಸಲಾಯಿತು. ರೋಗವನ್ನು ಮುಚ್ಚಿಟ್ಟು ಪಾಲಿಸಿ ಕೊಳ್ಳುವುದು ಆಪತ್ಕಾಲದಲ್ಲಿ ಕೈಬಿಡುವ ಉಪಾಯ.

ಸ್ಕ್ಯಾನಿಂಗ್, ರಕ್ತಪರೀಕ್ಷೆ, ಪ್ರಯಾಣ, ಜತೆಗೆ ಬಂದವರ ಕೂಲಿನಷ್ಟ, ಇವು ಅನೇಕ ವೇಳೆ ಕೈಯಿಂದಲೇ ಹೋಗುವುವು. ಅವನ್ನೂ ಕೂಡಿಸಿ ವರ್ಷದ ಲೆಕ್ಕ ಬರೆದಿಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ರೋಗವೂ ಹೆಸರಿಸಲ್ಪಟ್ಟಿರುವುದರಿಂದ, ಅರ್ಹರು ಪ್ರಮಾಣಪತ್ರ ಪಡೆಯುವುದು ಒಳ್ಳೆಯದು. ಹಣ ಸಾಲದೆ ಮಧ್ಯದಲ್ಲಿ ಔಷಧ ನಿಂತರೆ ರೋಗ ಮರುಕಳಿಸುವ ಭಯವುಂಟು. ಕಳೆದ ನಡಿಗೆ ಮರಳುವುದೆಂಬ ಭರವಸೆಯಿಲ್ಲ. ಮೊದಲ ಹನಿ ಏರುವ ಮುನ್ನವೇ ವರ್ಷದ ವೆಚ್ಚವನ್ನು ಕೇಳಿ ತಿಳಿದುಕೊಂಡ ಗೃಹಸ್ಥನು ರೋಗಿಗೆ ಅರ್ಧ ಶುಶ್ರೂಷೆ ಮಾಡಿದಂತೆಯೇ ಸರಿ.