ವಿಮಾನದ ಎಂಜಿನು: ನಿರ್ಮಾಣವೂ ವಿನ್ಯಾಸವೂ

ಪರರ ನಕ್ಷೆಯನ್ನು ಮುಂದಿಟ್ಟುಕೊಂಡು ಯಂತ್ರವನ್ನು ಕಟ್ಟುವುದು ಒಂದು ವಿದ್ಯೆ. ಆ ನಕ್ಷೆಯನ್ನೇ ಬರೆಯುವುದು ಇನ್ನೊಂದು ವಿದ್ಯೆ. ಇವೆರಡರ ನಡುವಣ ಅಂತರವೆಷ್ಟೆಂಬುದನ್ನು ಬೆಂಗಳೂರಿನ ವಿಮಾನ ಎಂಜಿನುಗಳ ಇತಿಹಾಸವು ಚೆನ್ನಾಗಿ ತೋರಿಸುತ್ತದೆ.

ಜೆಟ್ ಎಂಜಿನಿನ ತತ್ತ್ವ ಸರಳವಾದುದೇ. ಮುಂಭಾಗದಲ್ಲಿ ತಿರುಗುವ ಅಲಗುಗಳ ಸಾಲುಗಳು ಗಾಳಿಯನ್ನು ಒಳಗೆಳೆದು ಒತ್ತುತ್ತವೆ. ಹಾಗೆ ಒತ್ತಿದ ಗಾಳಿಯಲ್ಲಿ ಇಂಧನ ಉರಿಯುತ್ತದೆ. ಹಿಗ್ಗಿದ ಅನಿಲವು ಟರ್ಬೈನನ್ನು ತಿರುಗಿಸಿ, ಹಿಂಬದಿಯಿಂದ ರಭಸವಾಗಿ ಹೊರಬಿದ್ದು, ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಟರ್ಬೈನಿನ ಶಕ್ತಿಯೇ ಮುಂಭಾಗದ ಅಲಗುಗಳನ್ನು ತಿರುಗಿಸುವುದರಿಂದ ಈ ಕ್ರಿಯೆ ಎಡೆಬಿಡದೆ ಸಾಗುತ್ತದೆ.

ಅತಿ ದೊಡ್ಡ ತೊಡಕಿರುವುದು ಟರ್ಬೈನಿನ ಅಲಗಿನಲ್ಲಿ. ಆಧುನಿಕ ಎಂಜಿನಿನಲ್ಲಿ ಅದನ್ನು ತಾಕುವ ಅನಿಲದ ಉಷ್ಣತೆಯು ಅಲಗಿನ ಲೋಹ ಕರಗುವ ಉಷ್ಣತೆಗಿಂತಲೂ ಹೆಚ್ಚು. ಆದುದರಿಂದ ಅಲಗಿನೊಳಗೆ ಸಣ್ಣ ನಾಳಗಳನ್ನು ಬಿಟ್ಟು, ಕಡಿಮೆ ಕಾವಿನ ಗಾಳಿಯನ್ನು ಹರಿಸಬೇಕು. ಕಾವಿನಲ್ಲಿ ಲೋಹದ ಹರಳುಗಳ ನಡುವಣ ಸಂದುಗಳು ಬಲಗುಂದುವುದರಿಂದ, ನಿಕಲ್ ಮಿಶ್ರಲೋಹದ ಇಡೀ ಅಲಗನ್ನು ಒಂದೇ ಹರಳಾಗಿ ಎರಕಹೊಯ್ಯುವುದೂ ಉಂಟು. ನಕ್ಷೆಯು ಅಳತೆಯನ್ನು ಹೇಳುತ್ತದೆ; ಆ ಅಳತೆಯೇ ಏಕೆಂಬುದನ್ನು ಹೇಳುವುದಿಲ್ಲ.

ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ ಎಂಜಿನು ವಿಭಾಗವು 1957ರಲ್ಲಿ ಆರಂಭವಾದುದು ಬ್ರಿಟನ್ನಿನ ಆರ್ಫಿಯಸ್ ಎಂಜಿನನ್ನು ಪರವಾನಗಿಯ ಮೇಲೆ ತಯಾರಿಸುವುದಕ್ಕಾಗಿ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನಾಯಕತ್ವದಲ್ಲಿ ಅಲ್ಲಿಯೇ ರೂಪುಗೊಂಡ ಮಾರುತ್ ಯುದ್ಧವಿಮಾನವು 1961ರ ಜೂನ್ 17ರಂದು ಮೊದಲು ಹಾರಿತು. ಅದು ಶಬ್ದದ ವೇಗವನ್ನು ಮೀರಬೇಕೆಂಬುದು ಉದ್ದೇಶವಾಗಿದ್ದಿತು. ಆದರೆ ಅದಕ್ಕೆಂದು ನಂಬಿದ್ದ, ಹೆಚ್ಚು ಬಲದ ಆರ್ಫಿಯಸಿನ ಅಭಿವೃದ್ಧಿ ಬ್ರಿಟನ್ನಿನಲ್ಲಿ ನಿಂತುಹೋಯಿತು. ಕಡೆಗೆ ತಲಾ 4,850 ಪೌಂಡು ನೂಕುಬಲದ ಎರಡು ಎಂಜಿನುಗಳಿಂದಲೇ ತೃಪ್ತಿಪಡಬೇಕಾಯಿತು. ಎಂಜಿನನ್ನು ತಯಾರಿಸಬಲ್ಲ ಕಾರ್ಖಾನೆ ಪಕ್ಕದಲ್ಲಿಯೇ ಇದ್ದರೂ, ಅದರ ಬಲವನ್ನು ಬೇಕಾದಷ್ಟು ಹೆಚ್ಚಿಸುವ ವಿದ್ಯೆ ಪರವಾನಗಿಯೊಡನೆ ಬಂದಿರಲಿಲ್ಲ.

ಈ ಕೊರತೆಯನ್ನು ತುಂಬಲು ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ ಕಾವೇರಿ ಎಂಜಿನಿನ ಯೋಜನೆಯನ್ನು ಒಪ್ಪಿಸಲಾಯಿತು. ಆದರೆ 2001ರಲ್ಲಿ ತೇಜಸ್ ಮೊದಲು ಹಾರಿದುದು ಅಮೆರಿಕದ ಎಂಜಿನಿನಿಂದ. 2008ರಲ್ಲಿ ಕಾವೇರಿಯನ್ನು ಆ ವಿಮಾನದಿಂದ ಬೇರ್ಪಡಿಸಲಾಯಿತು. ಮುಗಿಲೆತ್ತರದ ಸ್ಥಿತಿಯಲ್ಲಿ ಪರೀಕ್ಷಿಸಲು ಅದನ್ನು ರಷ್ಯಕ್ಕೆ ಒಯ್ಯಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

ಇದನ್ನು ಬುದ್ಧಿಯ ಬಡತನವೆಂದು ಬಗೆಯುವುದು ಸಲ್ಲದು. ಲೋಹಶಾಸ್ತ್ರ, ಎರಕದ ಕೌಶಲ, ಪರೀಕ್ಷಾಗಾರ, ಒಡೆದ ಅಲಗುಗಳಿಂದ ಕಲಿಯುವ ತಾಳ್ಮೆ, ಇವೆಲ್ಲ ತಲೆಮಾರುಗಳಲ್ಲಿ ಕೂಡಿಬರತಕ್ಕವು. ಅವನ್ನು ಪರವಾನಗಿಯಿಂದ ಕೊಳ್ಳಲು ಬಾರದು.